ಬೋಣಿ ಹೊತ್ತಿನ ಸೊನ್ನೆ

ಜುಲೈ 8, ಮಂಗಳವಾರ

ಸೊಸೈಟಿಯವರು ಜನವರಿಯಲ್ಲಿ ಕೊಟ್ಟ ಡೈರಿ ಇಷ್ಟು ದಿನ ಟ್ರಂಕಿನ ತಳದಲ್ಲಿ ಬಿದ್ದಿತ್ತು. ಇವತ್ತು ತೆಗೆದೆ. ಬೆಳಿಗ್ಗೆ ನಡೆದದ್ದನ್ನು ಯಾರಿಗಾದರೂ ಹೇಳದಿದ್ದರೆ ಉಂಡದ್ದು ಅರಗುವುದಿಲ್ಲ. ಕೋಟೆ ಪಟ್ಟಣದ ಈ ಬಾಡಿಗೆ ಕೋಣೆಯಲ್ಲಿ ಕೇಳುವವರು ಯಾರಿದ್ದಾರೆ? ಗೋಡೆಗೆ ಹೇಳುವ ಬದಲು ಪುಸ್ತಕಕ್ಕೆ ಹೇಳುತ್ತೇನೆ.

ಹದಿನಾರು ವರ್ಷದಿಂದ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಕುಡಿದು ಬಂದವರನ್ನು, ಕೋಳಿಯನ್ನು ಪಂಚೆಯೊಳಗೆ ಮುಚ್ಚಿಕೊಂಡು ಬಂದವರನ್ನು, ಹನ್ನೆರಡು ವರ್ಷದ ಮಗನಿಗೆ ಐದು ಅಂದವರನ್ನು, ಎಲ್ಲರನ್ನೂ ಕಂಡಿದ್ದೇನೆ. ಪುಕ್ಕಟೆ ಟಿಕೆಟ್ಟನ್ನು ಬೇಡ ಅಂದವರನ್ನು ಕಂಡದ್ದು ಇವತ್ತೇ.

ಇವತ್ತಿನಿಂದ ನನಗೆ ಕೆಂಚನಕಟ್ಟೆ ರೂಟು. ಮುಖ್ಯ ರಸ್ತೆಯಲ್ಲಿ ಊರಿಗೆ ತಿರುಗುವ ಜಾಗಕ್ಕೆ ಗೇಟ್ ಅನ್ನುತ್ತಾರೆ. ಅಲ್ಲಿಂದ ನಾಲ್ಕು ಕಿಲೋಮೀಟರ್ ಒಳಕ್ಕೆ ಹೋಗಬೇಕು. ಎಡಗಡೆ ಆನೆ ಕಂದಕ, ಅದರಾಚೆ ಕಾಡು. ಬಲಗಡೆ ಲಂಟಾನ ಎಷ್ಟು ಬೆಳೆದಿದೆಯೆಂದರೆ ಕೊಂಬೆಗಳು ಕಿಟಕಿಯೊಳಕ್ಕೆ ಕೈ ಹಾಕುತ್ತವೆ. ಡ್ರೈವರ್ ನಂಜಣ್ಣ ಆ ನಾಲ್ಕು ಕಿಲೋಮೀಟರೂ ಹಾರನ್ ಒತ್ತುತ್ತಲೇ ಇದ್ದ. ಒಂದು ನರಪಿಳ್ಳೆಯೂ ಕಾಣುತ್ತಿರಲಿಲ್ಲ. "ಯಾರಿಗಣ್ಣ ಹಾರನ್ನು?" ಅಂದೆ.

"ಇರೋರ್ಗೆ" ಅಂದ.

ಆರೂವರೆಗೆ ಊರ ಅರಳಿಮರದ ಕೆಳಗೆ ಇಪ್ಪತ್ತಾರು ಹೆಂಗಸರು, ಇಪ್ಪತ್ತಾರು ಮಂಕರಿ. ದಂಟು, ಕೀರೆ, ಬದನೆ, ಕನಕಾಂಬರ, ಎಲ್ಲವೂ ಕೋಟೆಯ ಮಾರ್ಕೆಟ್ಟಿಗೆ. ಗಂಡಸರು ಒಬ್ಬರೂ ಇಲ್ಲ. ಅವರಿಗೆಲ್ಲ ಬೈಕುಗಳಿವೆಯಂತೆ. ಮೊದಲು ಹತ್ತಿದವರು ಶಿವನಂಜಮ್ಮ. ಅರವತ್ತು ದಾಟಿದ ಹೆಂಗಸು, ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಅಡಿಕೆ. ಆಧಾರ್ ನೋಡಿ ಟಿಕೆಟ್ ಹರಿದು ಕೊಟ್ಟೆ. ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದೇನ್ ಬರ್ದದೆ ಕಂಡಾಕ್ಟ್ರೇ?"

"ಸೊನ್ನೆ ಕಣವ್ವ. ಹೆಂಗಸರಿಗೆ ಫ್ರೀ ಅಲ್ವಾ?"

"ಫ್ರೀ ಅಂತ ನಂಗೂ ಗೊತ್ತು. ಯಾಪಾರಕ್ಕೆ ಒಂಟೋರ ಕೈಗೆ ಬೆಳ್ಳಂಬೆಳಿಗ್ಗೆ ಸೊನ್ನೆ ಕೊಟ್ರೆ ಬೋಣಿ ಆದಂಗೇ ಬುಡಿ! ನೀವೇ ಮಡಿಕಳಿ ನಿಮ್ ಸೊನ್ನೆಯ."

ಅಷ್ಟೇ. ಇಪ್ಪತ್ತಾರು ಕೈಗಳೂ ಸೆರಗಿನೊಳಗೆ ಹೋದವು. ದಿನದ ಮೊದಲ ವ್ಯಾಪಾರಕ್ಕೆ ಮುಂಚೆ ಕೈಗೆ ಸೊನ್ನೆ ಸೋಕಬಾರದು, ಸೋಕಿದರೆ ಮಂಕರಿ ಹಾಗೇ ವಾಪಸ್ಸು ಬರುತ್ತದೆ. ಇದು ಇವರ ಶಾಸ್ತ್ರ. ರೂಲ್ಸು ಅಂದೆ, ಚೆಕಿಂಗ್ ಅಂದೆ. ಊಹೂಂ. ಮೊದಲಿದ್ದ ಕಂಡಕ್ಟರ್ ಏನು ಮಾಡುತ್ತಿದ್ದರು ಅಂತ ಕೇಳಿದರೆ, "ಅವ್ರು ಬೋ ಒಳ್ಳೇರು" ಅಂದರು. ಏನು ಮಾಡುತ್ತಿದ್ದರೆಂದು ಅದರಲ್ಲೇ ಗೊತ್ತಾಯಿತು.

ಟಿಕೆಟ್ ತೆಗೆದುಕೊಂಡದ್ದು ಒಬ್ಬಳೇ. ಶಿವನಂಜಮ್ಮನವರ ಮೊಮ್ಮಗಳು ಚೈತ್ರ. ಫಸ್ಟ್ ಪಿಯುಸಿ. ಆ ಊರಿನಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿಯಂತೆ. "ನಂಗೆ ಕೊಡಿ ಅಂಕಲ್, ನಂಗ್ಯಾವ ಬೋಣಿ?" ಅಂತ ನಕ್ಕಳು. ಅಜ್ಜಿ ಅವಳ ಕೈಗೆ ಒಂದು ಏಟು ಹಾಕಿದರು.

ಜುಲೈ 11, ಶುಕ್ರವಾರ

ಸೋತೆ. ಮೂರು ದಿನ ಜಗಳ ಆಡಿ ಸಾಕಾಯಿತು. ಸರ್ಕಾರಕ್ಕೇನು ನಷ್ಟ? ಸೊನ್ನೆ ಕೊಟ್ಟರೂ ಸೊನ್ನೆ, ಕೊಡದಿದ್ದರೂ ಸೊನ್ನೆ.

ಸಂಜೆ ವಾಪಸ್ಸು ಬರುವಾಗ ಬೋಣಿಯ ಮಾತಿಲ್ಲ, ಕೊಟ್ಟರೆ ತೆಗೆದುಕೊಳ್ಳುತ್ತಾರೆ. ನಾನೇ ಕೊಡಲಿಲ್ಲ. ಬೆಳಿಗ್ಗೆ ಒಬ್ಬಳು ಹೋಗಿ ಸಂಜೆ ಇಪ್ಪತ್ತೇಳು ಜನ ಬಂದರು ಅಂತ ಟಿಕೆಟ್ ಯಂತ್ರ ಹೇಳಿದರೆ ಯಾರಾದರೂ ಕೇಳುತ್ತಾರೆ. ತಪ್ಪು ಮಾಡಿದರೂ ಎರಡು ಕಡೆ ಸಮ ಇರಬೇಕು.

ಇಳಿಯುವಾಗ ಶಿವನಂಜಮ್ಮ ಸೀಟಿನ ಮೇಲೆ ಒಂದು ಕಟ್ಟು ದಂಟಿನ ಸೊಪ್ಪು ಇಟ್ಟು ಹೋದರು. "ಅವ್ವಾ, ಇದು ಲಂಚ ಆಗುತ್ತೆ" ಅಂದೆ. "ಉಪ್ಪು ಒಸಿ ಕಮ್ಮಿ ಆಕಿ" ಅಂದರು. ಬಸ್ಸಿಡೀ ನಕ್ಕಿತು. ನಾನೂ ನಕ್ಕೆ. ಎಷ್ಟೋ ದಿನವಾಗಿತ್ತು ಹಾಗೆ ನಕ್ಕು.

ಆಗಸ್ಟ್ 22, ಶುಕ್ರವಾರ

ವರ್ಗಾವಣೆ ಪಟ್ಟಿಯಲ್ಲಿ ನನ್ನ ಹೆಸರು ಮೂರನೆಯದು! ಒಂಬತ್ತು ವರ್ಷದಿಂದ ಅರ್ಜಿ ಹಾಕುತ್ತಿದ್ದೇನೆ. ಕೆ.ಆರ್. ನಗರದ ಕಡೆಗೆ, ನಮ್ಮೂರಿನಿಂದ ಸೈಕಲ್ಲಿನಲ್ಲಿ ಹೋಗಿ ಬರುವಷ್ಟು ದೂರದ ಡಿಪೋಗೆ. ಮಗಳು ರಮ್ಯ ಈ ವರ್ಷ ಎಸ್ಸೆಸ್ಸೆಲ್ಸಿ. ಅವಳು ಹುಟ್ಟಿದಾಗಿನಿಂದ ನಾನು ಹದಿನೈದು ದಿನಕ್ಕೊಮ್ಮೆ ಬರುವ ನೆಂಟ. ಫೋನಿನಲ್ಲಿ ಪದ್ಮಶ್ರೀ ಅತ್ತೇಬಿಟ್ಟಳು. "ಬರೋ ತನಕ ಯಾವ ಕೇಸೂ ಮಾಡ್ಕಬೇಡಿ ಕಣ್ರೀ, ನಿಮ್ಮ ಕಾಲಿಗೆ ಬೀಳ್ತೀನಿ" ಅಂದಳು. ಒಂದು ಸಣ್ಣ ಕಪ್ಪುಚುಕ್ಕೆ ಬಿದ್ದರೂ ಪಟ್ಟಿಯಿಂದ ಹೆಸರು ಹೊರಗೆ.

ಇವತ್ತು ಕೆಂಚನಕಟ್ಟೆಯ ದಾರಿಯಲ್ಲಿ ಒಂದು ಹಸು ಸತ್ತು ಬಿದ್ದಿತ್ತು. ಅರ್ಧ ಇತ್ತು. ಹೆಂಗಸರು ಆ ಕಡೆ ತಿರುಗಲಿಲ್ಲ. ಅವರು ಹುಲಿಯ ಹೆಸರು ಹೇಳುವುದಿಲ್ಲ, "ದೊಡ್ಡದು" ಅನ್ನುತ್ತಾರೆ.

ಸೆಪ್ಟೆಂಬರ್ 15, ಸೋಮವಾರ

ಡಿಪೋದ ನೋಟೀಸು ಬೋರ್ಡಿನಲ್ಲಿ ಹಾಕಿದ್ದಾರೆ. ಜನ ಹತ್ತದ ಒಳದಾರಿಗಳನ್ನು ರೂಟಿನಿಂದ ತೆಗೆಯುತ್ತಾರಂತೆ. ಏಳು ಊರುಗಳ ಪಟ್ಟಿ. ಕೊನೆಯ ಸಾಲು ಹೀಗಿತ್ತು: ಕೆಂಚನಕಟ್ಟೆ, ಮನೆ ಅರವತ್ತೊಂದು, ಜನಸಂಖ್ಯೆ ಇನ್ನೂರ ನಲವತ್ತು, ದಿನದ ಸರಾಸರಿ ಪ್ರಯಾಣಿಕರು ಒಬ್ಬರು.

ಒಬ್ಬರು! ಆ ಸಾಲನ್ನು ಎರಡು ಸಲ ಓದಿದೆ. ಯಂತ್ರಕ್ಕೆ ಗೊತ್ತಿರುವುದು ಚೈತ್ರ ಒಬ್ಬಳೇ. ಉಳಿದ ಇಪ್ಪತ್ತಾರು ಜನ ಎಂದೂ ಬಸ್ಸು ಹತ್ತಿಲ್ಲ.

ನಂಜಣ್ಣ ಪಕ್ಕದಲ್ಲೇ ಇದ್ದ. ಬೀಡಿ ಆರಿಸಿ, "ಏನ್ ಮಾಡ್ತೀಯ ಚೆಲುವರಾಜು?" ಅಂದ. ಏನು ಮಾಡಲಿ? ನಿಜ ಹೇಳಿದರೆ ಎರಡು ತಿಂಗಳು ಟಿಕೆಟ್ ಕೊಡದೆ ಜನ ಸಾಗಿಸಿದ ಕೇಸು, ಸಸ್ಪೆಂಡು. ರಮ್ಯ, ಪದ್ಮಶ್ರೀ, ಒಂಬತ್ತು ವರ್ಷ, ಎಲ್ಲ ನೀರಿನಲ್ಲಿ ಹೋಮ.

ಸೆಪ್ಟೆಂಬರ್ 17, ಬುಧವಾರ

ಇವತ್ತು ಐದು ಟಿಕೆಟ್ ಹೊಡೆದೆ. ಒಂದೇ ಸಲ ಇಪ್ಪತ್ತೇಳು ಹೊಡೆದರೆ ಸಿಕ್ಕಿಬೀಳುತ್ತೇನೆ. ಮೆಲ್ಲಗೆ ಏರಿಸಬೇಕು.

ಸೆಪ್ಟೆಂಬರ್ 19, ಶುಕ್ರವಾರ

ಎಂಟು. ಯಾರೂ ಮುಟ್ಟುವುದಿಲ್ಲವಲ್ಲ, ಚೈತ್ರಳದ್ದು ಬಿಟ್ಟು ಉಳಿದವನ್ನು ಜೇಬಿಗೆ ಹಾಕಿಕೊಂಡೆ.

ಸೆಪ್ಟೆಂಬರ್ 20, ಶನಿವಾರ

ಡಿಪೋದ ಸಾಹೇಬರು ಲೆಕ್ಕಕ್ಕೆ ಹಿಡಿದಿರುವುದು ಆಗಸ್ಟ್ ಕೊನೆಯವರೆಗಿನದ್ದಂತೆ. ನಾನು ಈಗ ಹೊಡೆದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು.

ಸೆಪ್ಟೆಂಬರ್ 24, ಬುಧವಾರ

ನಾಳೆ ಡಿಪೋದ ಇನ್ಸ್‌ಪೆಕ್ಟರ್ ಬಸವಪ್ರಸಾದ್ ಅವರು ಕೆಂಚನಕಟ್ಟೆಗೆ ಬರುತ್ತಾರೆ. ಬಸ್ಸು ನಿಲ್ಲಿಸಬೇಡಿ ಅಂತ ಊರಿನ ಹಿರಿಯ ಚನ್ನಬಸವಣ್ಣನವರು ಅರ್ಜಿ ಕೊಟ್ಟಿದ್ದರು. ಊರವರನ್ನು ಕೇಳಿ ಹೇಳಿಕೆ ಬರೆಸಿಕೊಳ್ಳುತ್ತಾರೆ.

ಸಂಜೆ ಬಸ್ಸಿನಲ್ಲಿ ಶಿವನಂಜಮ್ಮನವರ ಪಕ್ಕ ಕೂತೆ. ನನ್ನ ವಿಷಯ ಹೇಳಿದೆ. ಮಗಳ ವಿಷಯ, ಪಟ್ಟಿಯ ವಿಷಯ, ಎರಡು ತಿಂಗಳ ಟಿಕೆಟ್ಟಿನ ವಿಷಯ. ನಾನು ಏನನ್ನೂ ಕೇಳಲಿಲ್ಲ. ಇದ್ದದ್ದನ್ನು ಹೇಳಿದೆ, ಅಷ್ಟೆ.

ಅವರು ಕಿಟಕಿಯಾಚೆ ಎಲೆಅಡಿಕೆ ಉಗಿದು, "ಮಗೀಗೆ ಎಷ್ಟು ವರ್ಸ?" ಅಂದರು.

"ಹದಿನೈದು."

"ನಮ್ ಚೈತ್ರಂಗಿಂತ ಒಂದ್ ವರ್ಸ ಸಣ್ಣೋಳು" ಅಂದರು. ಊರು ಬಂದಾಗ ಖಾಲಿ ಮಂಕರಿ ಎತ್ತಿಕೊಂಡು ಇಳಿದರು.

ಸೆಪ್ಟೆಂಬರ್ 25, ಗುರುವಾರ

ಇದನ್ನು ಸರಿಯಾಗಿ ಬರೆದಿಡಬೇಕು.

ಬಸವಪ್ರಸಾದ್ ಸಾಹೇಬರು ಕೆಟ್ಟವರಲ್ಲ. ಅರಳಿಕಟ್ಟೆಯ ಮೇಲೆ ಕೂತು, ಮಜ್ಜಿಗೆ ಕುಡಿದು, ಮೆತ್ತಗೇ ಕೇಳಿದರು. "ನೋಡ್ರಮ್ಮ, ಯಂತ್ರದ ಪ್ರಕಾರ ನಿಮ್ಮೂರಿಂದ ದಿನಕ್ಕೆ ಒಬ್ರು. ಅರ್ಜಿಯಲ್ಲಿ ಇಪ್ಪತ್ತೇಳು ಅಂತ ಬರೆದಿದ್ದೀರಿ. ಯಾವುದು ನಿಜ? ಇಪ್ಪತ್ತೇಳು ನಿಜವಾದ್ರೆ ಬಸ್ಸು ಉಳಿಯುತ್ತೆ. ಆದ್ರೆ ಉಳಿದ ಇಪ್ಪತ್ತಾರು ಜನ ಟಿಕೆಟ್ ಇಲ್ಲದೆ ಹೆಂಗೆ ಬಂದ್ರಿ ಅಂತ ನಾನು ಕಂಡಕ್ಟರನ್ನ ಕೇಳಬೇಕಾಗುತ್ತೆ."

ನಾನು ಬಸ್ಸಿನ ಬಾಗಿಲಲ್ಲಿ ನಿಂತಿದ್ದೆ. ಯಂತ್ರವನ್ನು ಚೀಲದೊಳಕ್ಕೆ ತುರುಕಿದೆ. ಹೆಂಗಸರೆಲ್ಲ ಶಿವನಂಜಮ್ಮನವರ ಕಡೆ ನೋಡಿದರು. ಅವರು ಎದ್ದು ಸೆರಗು ಸರಿ ಮಾಡಿಕೊಂಡರು.

"ಇಪ್ಪತ್ತೇಳು ಅಂತ ಬರ್ದೋನು ಯಾವನೋ ಕಾಣೆ ಸಾ. ನಾವ್ಯಾರೂ ಬಸ್ಸಲ್ಲಿ ಓಯ್ತಿರ್ಲಿಲ್ಲ. ನಮ್ ಗಂಡುಸ್ರ ತಾವು ಬೈಕದೆ, ಗೂಡ್ಸ್ ಆಟೋ ಬತ್ತದೆ. ಈ ಮಗ ಒಬ್ಳೇ ಕಾಲೇಜ್ಗೆ ಓಯ್ತಾಳೆ."

"ಸರಿಯಾಗಿ ಯೋಚನೆ ಮಾಡಿ ಹೇಳಮ್ಮ. ಬಸ್ಸು ಹೋಗುತ್ತೆ."

"ಓದ್ರೆ ಓಗ್ಲಿ ಬುಡಿ. ಕಾಲು ಕೊಟ್ಟವ್ನೆ ಶಿವ."

ಚನ್ನಬಸವಣ್ಣನವರು ಬಾಯಿ ತೆರೆದರು. ಶಿವನಂಜಮ್ಮ ಒಂದು ನೋಟ ನೋಡಿದರು, ಬಾಯಿ ಮುಚ್ಚಿತು. ಹೇಳಿಕೆಗೆ ಸಹಿ, ಹೆಬ್ಬೆಟ್ಟು ಎಲ್ಲ ಬಿದ್ದವು. ಚೈತ್ರಳ ಕಣ್ಣಲ್ಲಿ ನೀರಿತ್ತು.

ಆಮೇಲೆ ನಂಜಣ್ಣ ಹೇಳಿದ. ನಿನ್ನೆ ಸಂಜೆ ಅವರೆಲ್ಲ ಊರ ಬಸವಣ್ಣನ ಗುಡಿಯಲ್ಲಿ ಸೇರಿದ್ದರಂತೆ. ಖಾಲಿ ಮಂಕರಿಯ ಮೇಲೆ ಕೈಯಿಟ್ಟು ಆಣೆ ಮಾಡಿದರಂತೆ. "ಅನ್ನ ದುಡಿಯೋನ ಅನ್ನ ಕಿತ್ಕಂಡ ಪಾಪ ನಮ್ಮೂರ್ಗೆ ಬ್ಯಾಡ" ಅಂದರಂತೆ ಶಿವನಂಜಮ್ಮ. ಬಸ್ಸಿನೊಳಗೆ ಕೂತು ಅತ್ತುಬಿಟ್ಟೆ. ಎಂಥ ಜನ! ಇಂಥ ಜನ ಇನ್ನೂ ಇದ್ದಾರಲ್ಲ.

ಸೆಪ್ಟೆಂಬರ್ 26, ಶುಕ್ರವಾರ

ಸಾಹೇಬರಿಗೆ ಪತ್ರ ಬರೆದಿದ್ದೇನೆ. 'ಮಾನ್ಯರೇ, ಕೆಂಚನಕಟ್ಟೆಯಿಂದ ದಿನವೂ ಇಪ್ಪತ್ತಾರು ಮಹಿಳೆಯರು ನನ್ನ ಬಸ್ಸಿನಲ್ಲಿ ಪ್ರಯಾಣಿಸಿದ್ದಾರೆ. ಟಿಕೆಟ್ ನೀಡದಿರುವುದು ನನ್ನ ತಪ್ಪು, ಅವರದಲ್ಲ.' ಎರಡೇ ಸಾಲು. ಅವರ ಋಣ ನಾನು ಇಟ್ಟುಕೊಳ್ಳುವುದಿಲ್ಲ. ಆಯುಧಪೂಜೆ ಮುಗಿಯಲಿ, ಕೊಡುತ್ತೇನೆ.

ಅಕ್ಟೋಬರ್ 6, ಸೋಮವಾರ

ಇವತ್ತು ಊರೊಳಕ್ಕೆ ಕೊನೆಯ ಟ್ರಿಪ್ಪು. ನಾಳೆಯಿಂದ ಬಸ್ಸು ಮುಖ್ಯ ರಸ್ತೆಯಲ್ಲೇ ನೇರ ಹೋಗುತ್ತದೆ. ಬೆಳಿಗ್ಗೆ ಏಳಕ್ಕೆ ಗೇಟ್. ಹತ್ತುವವರು ಅಲ್ಲಿಗೇ ಬರಬೇಕು.

ಹೆಂಗಸರು ಬಸ್ಸಿನ ಮುಂದೆ ಕರ್ಪೂರ ಹಚ್ಚಿ ಕಾಯಿ ಒಡೆದರು. ಹಬ್ಬಕ್ಕೆ ಹಾಕಿದ್ದ ಬಾಳೆಕಂದು ಬಾಡಿದ್ದರೂ ಇನ್ನೂ ಬಿಚ್ಚಿರಲಿಲ್ಲ. ನಂಜಣ್ಣ ವಾಪಸ್ಸು ಬರುವಾಗ ಹಾರನ್ ಒತ್ತಲೇ ಇಲ್ಲ. ಯಾಕಣ್ಣ ಅಂದರೆ, "ಇನ್ಮೇಲಿಂದ ದಾರಿ ಅವ್ರುದ್ದೇ ಅಲ್ವ" ಅಂದ. ಅವನಿಗೂ ವಯಸ್ಸಾಯಿತು, ಏನೇನೋ ಮಾತಾಡುತ್ತಾನೆ.

ಪತ್ರ ಜೇಬಿನಲ್ಲಿದೆ. ಸಾಹೇಬರು ರಜದಲ್ಲಿದ್ದಾರೆ.

ಅಕ್ಟೋಬರ್ 14, ಮಂಗಳವಾರ

ಗೇಟಿನಲ್ಲಿ ಹನ್ನೊಂದು ಜನ. ಐದೂಮುಕ್ಕಾಲಿಗೇ ಮನೆ ಬಿಡುತ್ತಾರಂತೆ. ಮಂಕರಿ ಹೊತ್ತು ನಾಲ್ಕು ಕಿಲೋಮೀಟರ್. ಮುಂದೆ ಚೈತ್ರ ಸ್ಟೀಲಿನ ತಟ್ಟೆಗೆ ಸೌಟಿನಲ್ಲಿ ಬಡಿಯುತ್ತಾ ನಡೆಯುತ್ತಾಳೆ. ಬಸ್ಸು ಬರುವ ಮೊದಲೇ ಆ ಸದ್ದು ಕೇಳಿಸುತ್ತದೆ.

ನಾನು ಯಂತ್ರ ಹಿಡಿದು ನಿಂತೆ. ಈ ಸಲ ಬಿಡುವುದಿಲ್ಲ ಅಂದುಕೊಂಡಿದ್ದೆ. ಜಗಳವೇ ಆಗಲಿಲ್ಲ. ಶಿವನಂಜಮ್ಮ ತಾವಾಗಿಯೇ ಕೈ ಚಾಚಿದರು. "ಕೊಡಪ್ಪ, ನಿನ್ ಸೊನ್ನೆಯ" ಅಂದರು. ಎಲ್ಲರೂ ತೆಗೆದುಕೊಂಡರು. ವ್ಯಾಪಾರ ಹೇಗಿದೆ ಅಂದೆ. "ಅದೆ" ಅಂದರು.

ಇದೇ ಕೆಲಸ ಜುಲೈನಲ್ಲಿ ಮಾಡಿದ್ದರೆ ಈ ಗತಿ ಬರುತ್ತಿತ್ತೇ? ಇವರಿಗೆ ಬುದ್ಧಿ ಯಾವಾಗಲೂ ಕೆಟ್ಟ ಮೇಲೇ.

ಅಕ್ಟೋಬರ್ 27, ಸೋಮವಾರ

ಆರು ಜನ. ಮೂರು ಮನೆಯವರು ಊರು ಬಿಟ್ಟು ಕೋಟೆ ಪಕ್ಕದ ಹ್ಯಾಂಡ್‌ಪೋಸ್ಟಿನ ಹತ್ತಿರ ಬಾಡಿಗೆಗೆ ಬಂದರಂತೆ. ಕಂದಕದ ಪಕ್ಕ ಎರಡು ಹಸು, ಒಂದು ಎಮ್ಮೆಕರು ಹೋದವು. ಅರಣ್ಯದವರು ಬೋನಿಟ್ಟಿದ್ದಾರೆ. ಬೋನಿನಲ್ಲಿ ಕಟ್ಟಿದ ಮೇಕೆ ಕೂಗಿದ್ದೇ ಬಂತು.

ಇನ್ನೂರ ನಲವತ್ತು ಜನರ ಊರು ಈಗ ಎಷ್ಟಕ್ಕೆ ಬಂದಿದೆ ಅಂತ ಚೈತ್ರಳನ್ನು ಕೇಳಿದೆ. "ಇನ್ನೂರ ಇಪ್ಪತ್ತ್ಮೂರು ಅಂಕಲ್. ಇನ್ನೂ ಕಮ್ಮಿ ಆದ್ರೆ ಬಸ್ಸು ಕೇಳೋಕೂ ಮುಖ ಇರಲ್ಲ" ಅಂದಳು. ಅಷ್ಟು ನಯವಾದ ಹುಡುಗಿ, ಮಾತು ಯಾಕೋ ಚುಚ್ಚುವ ಹಾಗಿತ್ತು.

ನವೆಂಬರ್ 4, ಮಂಗಳವಾರ

ಗೇಟಿನಲ್ಲಿ ಇಬ್ಬರೇ. ಅಜ್ಜಿ, ಮೊಮ್ಮಗಳು. ಶಿವನಂಜಮ್ಮನವರ ತಲೆಯ ಮೇಲೆ ಮಂಕರಿ ಇತ್ತು. ಅದರೊಳಗೆ ನಾಲ್ಕು ಕಟ್ಟು ಸೊಪ್ಪು, ಬಾಡಿದ್ದು.

"ಇಷ್ಟಕ್ಕೆ ಯಾಕವ್ವ ಬರ್ತೀರ? ಮನೇಲಿರಬಾರ್ದಾ?" ಅಂದೆ.

"ಸೊಪ್ಪು ನೆಪ ಕಣಪ್ಪ. ಈ ಮಗ ಒಬ್ಳೇ ಎಂಗ್ ಬಂದಾಳು? ಅವ್ರಪ್ಪ ಆಗ್ಲೇ ಕಾಲೇಜ್ ಬುಡ್ಸು ಅಂತ ಕುಂತವ್ನೆ. ನಾನ್ ಬದ್ಕಿರೋಗಂಟ ಬುಡ್ಸಕ್ಕಿಲ್ಲ ಅಂದಿವ್ನಿ." ಆಮೇಲೆ ಸೀಟಿನಲ್ಲಿ ಕೂತು, ಕಿಟಕಿಯ ಆಚೆ ನೋಡುತ್ತಾ ಹೇಳಿದರು: "ಬಸ್ಸು ಬತ್ತಿದ್ದಾಗ ದೊಡ್ಡದು ಆ ದಾರಿ ಬುಟ್ಟಿತ್ತು. ಈಗ ದಿನಾ ನಮ್ ಜೊತೇಲೇ ನಡೀತದೆ. ಕಾಣಾಕಿಲ್ಲ. ಲಂಟಾನದ ಒಳ್ಗೆ ಸದ್ದು, ನಾವ್ ನಿಂತ್ರೆ ಅದೂ ನಿಲ್ತದೆ."

ನಾನು ಕಿಟಕಿಯ ಗಾಜು ಎಳೆದು ಮುಚ್ಚಿದೆ.

"ಡಿಪೋದಲ್ಲಿ ಒಂದ್ ಮಾತು ಏಳಪ್ಪ. ನಿನ್ನೆಸ್ರು ಬರ್ದಂಗೆ ಎಂಗಾರಾ. ನಾವು ಆಣೆ ಮಾಡಿವಿ, ನಮ್ ಬಾಯಲ್ಲಿ ಬರಾಂಗಿಲ್ಲ. ನೀನಾದ್ರೆ ಏಳ್ಬೋದು."

ನೋಡೋಣ ಅವ್ವ ಅಂದೆ. ನನ್ನ ಹೆಸರು ಬಾರದಂತೆ ಹೇಗೆ ಹೇಳುವುದು? ಪಟ್ಟಿಯಲ್ಲಿ ನಾನೀಗ ಮೊದಲನೆಯವನು. ಡಿಸೆಂಬರ್ ಮೊದಲ ವಾರದಲ್ಲಿ ಆರ್ಡರ್ ಅಂತಾರೆ. ಇನ್ನೊಂದು ತಿಂಗಳು ಇವರು ತಡೆದುಕೊಂಡರೆ ಆಮೇಲೆ ನಾನು ಅಲ್ಲಿಂದಲೇ ಬರೆದು ಕಳಿಸಬಹುದು. ಆಗ ಅಷ್ಟು ತೊಂದರೆ ಇರುವುದಿಲ್ಲ.

ಅವರಿಗಾಗಿ ಗೇಟಿನಲ್ಲಿ ದಿನವೂ ಎರಡು ನಿಮಿಷ ನಿಲ್ಲಿಸುತ್ತಿದ್ದೇನೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನವೆಂಬರ್ 10, ಸೋಮವಾರ

ಗೇಟಿನಲ್ಲಿ ನಿಲ್ಲಿಸುವುದರಿಂದ ಕೋಟೆಗೆ ತಡವಾಗುತ್ತಿದೆ ಅಂತ ಬಸ್ ನಿಲ್ದಾಣದ ಕಂಟ್ರೋಲರ್ ಬರೆದುಕೊಂಡ. ಇದೊಂದು ಬಾಕಿ ಇತ್ತು.

ನವೆಂಬರ್ 11, ಮಂಗಳವಾರ

ಗೇಟಿನಲ್ಲಿ ಯಾರೂ ಇರಲಿಲ್ಲ. ಮಂಜು ಬಿದ್ದಿತ್ತು. ನಂಜಣ್ಣ ಎರಡು ಸಲ ಹಾರನ್ ಮಾಡಿದ. ಇನ್ನೊಂದು ನಿಮಿಷ ನೋಡಾನ ಅಂದ. ಕಂಟ್ರೋಲರಿಗೆ ನೀನು ಉತ್ತರ ಕೊಡ್ತೀಯಾ ಅಂದೆ. ರೈಟ್ ಕೊಟ್ಟೆ.

ತಟ್ಟೆಯ ಸದ್ದು ಕೇಳಿಸಿತು ಅಂತ ನಂಜಣ್ಣ ಆಮೇಲೆ ಹೇಳಿದ. ನನಗೆ ಕೇಳಿಸಲಿಲ್ಲ. ಐವತ್ತು ಜನ ತುಂಬಿದ ಬಸ್ಸು, ಇಂಜಿನ್ನಿನ ಗದ್ದಲ. ನನಗೆ ನಿಜವಾಗಿ ಕೇಳಿಸಲಿಲ್ಲ.

ನವೆಂಬರ್ 12, ಬುಧವಾರ

ಶಿವನಂಜಮ್ಮ ಇಲ್ಲ.

ನಿನ್ನೆ ಬೆಳಿಗ್ಗೆ ಗೇಟಿಗೆ ಇನ್ನೂ ಅರ್ಧ ಕಿಲೋಮೀಟರ್ ಇತ್ತಂತೆ. ಮಂಕರಿಯ ಕೆಳಗಿನ ಬಟ್ಟೆಯ ಸಿಂಬಿ ಜಾರಿತು, ಸರಿ ಮಾಡಿಕೊಳ್ಳಲು ಕುಕ್ಕರುಗಾಲಲ್ಲಿ ಕೂತರಂತೆ. ಕೂತವರು ಏಳಲಿಲ್ಲ. ಚೈತ್ರ ತಟ್ಟೆ ಬಡಿದಿದ್ದಾಳೆ, ಕಲ್ಲು ಎಸೆದಿದ್ದಾಳೆ. ಅದು ಲಂಟಾನದೊಳಕ್ಕೆ ಎಳೆದುಕೊಂಡು ಹೋಯಿತು. ಊರಿಗಿಂತ ಗೇಟೇ ಹತ್ತಿರ, ಹಾರನ್ ಕೇಳಿಸಿತು, ಬಸ್ಸಿನ ತುಂಬ ಜನ ಇರುತ್ತಾರೆ ಅಂತ ತಟ್ಟೆ ಬಡಿಯುತ್ತಲೇ ಗೇಟಿಗೆ ಓಡಿ ಬಂದಿದ್ದಾಳೆ.

ಅವಳು ಬರುವ ಹೊತ್ತಿಗೆ ಬಸ್ಸು ಹೋಗಿತ್ತು.

ಊಟ ಸೇರಲಿಲ್ಲ. ದಂಟಿನ ಸೊಪ್ಪಿನ ವಾಸನೆ ಬಂದ ಹಾಗಾಗುತ್ತದೆ. ಪತ್ರ ತೆಗೆದು ಓದಿದೆ. ಮಡಿಕೆಯಲ್ಲಿ ಹರಿಯುವ ಹಾಗಾಗಿದೆ. ನಾಳೆ ಕೊಡುತ್ತೇನೆ. ದೇವರಾಣೆ ನಾಳೆ ಕೊಡುತ್ತೇನೆ.

ನವೆಂಬರ್ 13, ಗುರುವಾರ

ಗೇಟಿನಲ್ಲಿ ರಸ್ತೆ ತಡೆ. ಕೆಂಚನಕಟ್ಟೆಯವರು, ಸುತ್ತಲ ಊರಿನವರು, ನೂರಾರು ಜನ. ನಮ್ಮ ಬಸ್ಸೂ ಅಲ್ಲೇ ನಿಂತಿತು. ತಾಲ್ಲೂಕು ಆಫೀಸಿನವರು, ಅರಣ್ಯದವರು, ನಮ್ಮ ಬಸವಪ್ರಸಾದ್ ಸಾಹೇಬರು ಎಲ್ಲ ಬಂದಿದ್ದರು. ಬಸ್ಸು ಬಿಡಿ, ಬಸ್ಸು ಬಿಡಿ ಅಂತ ಕೂಗು.

ಸಾಹೇಬರು ಸೆಪ್ಟೆಂಬರಿನ ಹೇಳಿಕೆಯನ್ನು ಎತ್ತಿ ತೋರಿಸಿದರು. "ನೀವೇ ಸಹಿ ಹಾಕಿದ್ದು. ಈಗಲಾದ್ರೂ ನಿಜ ಹೇಳಿ. ಎಷ್ಟು ಜನ ಹೋಗ್ತಿದ್ರಿ? ಒಬ್ರು ಹೇಳಿದ್ರೆ ಸಾಕು, ನಾಳೆಯಿಂದ ಬಸ್ಸು ಒಳಗೆ ಕಳಿಸ್ತೀನಿ, ನನ್ನ ಕೆಲಸ ಹೋದ್ರೂ ಹೋಗ್ಲಿ."

ಹೆಂಗಸರು ತಲೆ ತಗ್ಗಿಸಿದರು. ಆಣೆ ಮಾಡಿಸಿದವರು ಸತ್ತಿದ್ದಾರೆ. ಬಿಡಿಸುವವರು ಯಾರೂ ಇಲ್ಲ. ಎಲ್ಲರೂ ಚೈತ್ರಳನ್ನು ನೋಡಿದರು. ಅವಳ ಕೈಯಲ್ಲಿ ಆ ತಟ್ಟೆ ಇನ್ನೂ ಇತ್ತು. ಅವಳು ನನ್ನನ್ನು ನೋಡಿದಳು.

ಎಷ್ಟು ಹೊತ್ತು ನೋಡಿದಳು ಅಂತ ನನಗೆ ಗೊತ್ತಿಲ್ಲ. ನನ್ನ ಕೈ ಜೇಬಿನ ಮೇಲಿತ್ತು. ಪತ್ರ ಅಲ್ಲೇ ಇತ್ತು.

"ನಾನೊಬ್ಳೇ ಸಾರ್" ಅಂದಳು. "ನಮ್ಮಜ್ಜಿ ಹೇಳಿದ್ದೇ ನಿಜ."

ಆಮೇಲೆ ನಾನು ಮಾತಾಡುವುದು ಹೇಗೆ? ಸತ್ತ ಹೆಂಗಸನ್ನು ಅಷ್ಟು ಜನರ ಮುಂದೆ ಸುಳ್ಳುಗಾತಿ ಮಾಡಲೇ? ಅವರ ಕೊನೆಯ ಮಾತನ್ನು ಮುರಿಯಲು ನಾನ್ಯಾರು? ತುಂಬ ಯೋಚಿಸಿದೆ. ಸುಮ್ಮನಿದ್ದದ್ದೇ ಅವರಿಗೆ ಕೊಡುವ ಮರ್ಯಾದೆ ಅನ್ನಿಸಿತು.

ಹತ್ತು ದಿನ ಅರಣ್ಯದವರ ಜೀಪು ಓಡಾಡುತ್ತದಂತೆ. ಜನ ಚದುರಿದರು. ಬಸ್ಸು ಹೊರಟಾಗ ನಂಜಣ್ಣ ನನ್ನ ಕಡೆ ನೋಡದೆ, "ಇವತ್ತಿಂದ ನನ್ನ ಡ್ಯೂಟಿ ಬ್ಯಾರೆ ಕಡೆ ಆಕುಸ್ಕತೀನಿ" ಅಂದ. ಹಾಕಿಸಿಕೊಳ್ಳಲಿ. ಯಾರಿಗೆ ಯಾರು ಶಾಶ್ವತ?

ಡಿಸೆಂಬರ್ 3, ಬುಧವಾರ

ಆರ್ಡರ್ ಬಂತು!

ಡಿಸೆಂಬರ್ 7, ಭಾನುವಾರ

ಮನೆ. ಹದಿನಾರು ವರ್ಷದ ನಂತರ ಒಂದು ಭಾನುವಾರ ಸಂಜೆ ಬ್ಯಾಗು ಹಿಡಿದು ಹೊರಡದೆ ಜಗಲಿಯಲ್ಲಿ ಕೂತಿದ್ದೇನೆ. ಪದ್ಮಶ್ರೀ ಹೋಳಿಗೆ ಮಾಡಿದ್ದಳು. ಮಾರ್ಕೆಟ್ಟಿನಿಂದ ದಂಟು ತಂದಿದ್ದಳು, ಅದನ್ನು ಮಾತ್ರ ಇನ್ನು ಮೇಲೆ ತರಬೇಡ ಅಂದೆ. ಉಷ್ಣ ಆಗುತ್ತದೆ.

ರಮ್ಯ ಲೆಕ್ಕ ಮಾಡಲು ಕಾಗದ ಹುಡುಕುತ್ತಾ ನನ್ನ ಹಳೆಯ ಶರ್ಟಿನ ಜೇಬಿನಿಂದ ಆ ಪತ್ರ ತೆಗೆದಿದ್ದಾಳೆ. ಹಿಂಬದಿಯಲ್ಲಿ ಪೂರ್ತಿ ತ್ರಿಭುಜ ಬರೆದು ತುಂಬಿಸಿದ್ದಾಳೆ. "ಅಪ್ಪ, ಕೆಂಚನಕಟ್ಟೆ ಎಲ್ಲಿದೆ?" ಅಂತ ಕೇಳಿದಳು.

"ಅಲ್ಲಿಗೆ ಬಸ್ಸಿಲ್ಲ ಕಣಮ್ಮ" ಅಂದೆ.

ಡಿಸೆಂಬರ್ 9, ಮಂಗಳವಾರ

ಹೊಸ ಡಿಪೋ, ಹೊಸ ರೂಟು. ಒಳ್ಳೆಯ ರಸ್ತೆ. ಇಲ್ಲಿ ಕಾಡಿಲ್ಲ, ಎರಡೂ ಕಡೆ ಕಬ್ಬು, ಆಳೆತ್ತರ.

ಟಿಕೆಟ್ಟಿನ ವಿಷಯದಲ್ಲಿ ನಾನೀಗ ಬಹಳ ಕಟ್ಟುನಿಟ್ಟು. ಒಬ್ಬರಿಗೂ ಬಿಡುವುದಿಲ್ಲ, ಯಾವ ಶಾಸ್ತ್ರವನ್ನೂ ಕೇಳುವುದಿಲ್ಲ. ಬೆಳಿಗ್ಗೆ ಒಬ್ಬ ಮುದುಕಿ ಆಧಾರ್ ಇಲ್ಲದೆ ಹತ್ತಿದ್ದಳು, ತಲೆಯ ಮೇಲೆ ಹೂವಿನ ಬುಟ್ಟಿ. ಸೆರಗಿನ ಗಂಟು ಬಿಚ್ಚಿ ನೋಡಿದಳು, ಬರಿದಾಗಿತ್ತು. ವ್ಯಾಪಾರ ಆದ ಮೇಲೆ ಕೊಡ್ತೀನಿ ಮಗ ಅಂದಳು. ಆಗಲ್ಲಮ್ಮ ಅಂದೆ. ದಯೆ ತೋರಿಸಲು ಹೋದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಸ್ಟಾಪಿಲ್ಲದಿದ್ದರೂ ವಿಸಿಲ್ ಹೊಡೆದು ಇಳಿಸಿದೆ.

ಅವಳು ಬೈಯಲಿಲ್ಲ. "ಬುಡಪ್ಪ, ನಡ್ಕಂಡೇ ಓಯ್ತೀನಿ. ನಿನ್ ಕೆಲ್ಸಕ್ಕೆ ಯಾಕ್ ಸಂಚಕಾರ" ಅಂದಳು.

ಬಸ್ಸು ಹೊರಟ ಮೇಲೆ ಹಿಂದಿನ ಗಾಜಿನಲ್ಲಿ ನೋಡಿದೆ. ಕಬ್ಬಿನ ಅಂಚಿನಲ್ಲಿ ಅವಳು ಕೂತು ಸಿಂಬಿ ಸರಿ ಮಾಡಿಕೊಳ್ಳುತ್ತಿದ್ದಳು. ಡ್ರೈವರಿಗೆ ಹಾರನ್ ಒತ್ತು ಅಂದೆ. ಹುಡುಗ, ಹೊಸಬ. ರಸ್ತೆ ಖಾಲಿ ಇದೆಯಲ್ಲ ಸಾರ್, ಯಾರಿಗೆ ಅಂತ ಕೇಳಿದ.

ಒತ್ತು ಅಂದೆ. ಊರು ಬರುವ ತನಕ ಒತ್ತಿಸಿದೆ.